ಸಾಲುಹುಣಸೆ ಪಂಪೌಸಿನ ಕಲ್ಲುಗಳು

ಸಾಲುಹುಣಸೆ ರೈಲ್ವೆ ಸ್ಟೇಷನ್ನಿನ ಪಂಪೌಸನ್ನು ಬಿಚ್ಚಿ, ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಊರೊಳಗಿನ ಸೈಟಿಗೆ ತಂದು ಹಾಕಿದ ಮೇಲೆ, ಹೆಂಗಸರೆಲ್ಲ ಸೇರಿ ಅವನ್ನು ತೊಳೆದುಬಿಟ್ಟರು.

ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆ ಕಲ್ಲುಗಳಿಂದ ಎದ್ದು ನಿಲ್ಲಬೇಕಾಗಿದ್ದದ್ದು ಮಹಿಳಾ ಹಾಲಿನ ಸಂಘದ ಡೇರಿ. ಪಂಪೌಸಿನ ಹಿಂದುಗಡೆ ಗೋಡೆಯ ಪಾಡೋ, ರೈಲಿಳಿದ ಗಂಡಸರಿಗೆಲ್ಲ ಗೊತ್ತಿದ್ದದ್ದೇ. ಹಾಲು ಅಳೆಯುವ ಮನೆಗೆ ಅಂಥ ಕಲ್ಲನ್ನು ಹಾಗೇ ಇಡುವುದು ಹೇಗೆ? ಸೀಗೆಪುಡಿ, ತೆಂಗಿನ ನಾರು, ನಾಲೆಯಿಂದ ತುಂಬಿಸಿ ತಂದ ಡ್ರಮ್ಮಿನ ನೀರು. ಒಂದೊಂದು ಕಲ್ಲನ್ನೂ ಮಗುವಿನ ಹಾಗೆ ಹೊರಳಿಸಿ ಹೊರಳಿಸಿ ಉಜ್ಜಿದರು. ಸಂಜೆ ಒಣಗಿದ ಮೇಲೆ ಮೂಲೆಗಲ್ಲುಗಳಿಗೆ ಅರಿಶಿನ ಕುಂಕುಮವನ್ನೂ ಇಟ್ಟರು.

ಮಾರನೆಯ ಬೆಳಿಗ್ಗೆ ಕಲ್ಲುಕೆಲಸದ ಮೇಸ್ತ್ರಿ ಚಿಕ್ಕಮಾದಯ್ಯ ಬಸ್ಸಿಳಿದು ಬಂದ. ಅವನದು ಕೋಟೆ ತಾಲ್ಲೂಕಿನ ಹಂಪಾಪುರದ ಕಡೆ. ಅಣ್ಣನ ಮಗಳ ನಿಶ್ಚಿತಾರ್ಥ ಅಂತ ಊರಿಗೆ ಹೋಗಿದ್ದ. ಕೈಚೀಲವನ್ನು ಕೆಳಗಿಡದೆ ಕಲ್ಲಿನ ರಾಶಿಯನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಆಮೇಲೆ ಸಂಘದ ಕಾರ್ಯದರ್ಶಿ ವಾಣಿಶ್ರೀಯ ಕಡೆ ತಿರುಗಿದ.

"ಗುರುತೆಲ್ಲವ್ವಾ?"

"ಯಾವ ಗುರುತು ಮಾದಣ್ಣ?"

"ಬಿಚ್ಚುವಾಗ ಒಂದೊಂದು ಕಲ್ಗೂ ಕೆಮ್ಮಣ್ಣಲ್ಲಿ ಇಟ್ಟಿದ್ನಲ್ಲ. ಯಾವ ಗೋಡೆ, ಕೆಳಗಿಂದ ಎಷ್ಟ್ನೇ ವರ್ಸೆ ಅಂತ. ಗೆರೆ, ಚುಕ್ಕಿ."

ವಾಣಿಶ್ರೀಯ ಹಿಂದೆ ನಿಂತಿದ್ದ ಮಾಯಮ್ಮ ಬಾಯಿಗೆ ಸೆರಗು ಹಿಡಿದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಸಂಘಕ್ಕೆ ಮೊದಲ ದಿನದಿಂದ ಹಾಲು ಹಾಕುತ್ತಿದ್ದವಳು. "ಅದಾ? ಕೆಂಪಗಿತ್ತಲ್ಲ, ಎಲೆಅಡಿಕೆ ಉಗ್ದವ್ರೆ ಮುಂಡೇವು ಅನ್ಕಂಡು ನಾನೇ ಬಯ್ಕಂಡು ಬಯ್ಕಂಡು ಉಜ್ದೆ ಕಣಣ್ಣ."

"ಎಲ್ಲಾನೂವಾ?"

"ಒಂದೂ ಬುಡ್ನಿಲ್ಲ."

ಚಿಕ್ಕಮಾದಯ್ಯ ಕೈಚೀಲ ಕೆಳಗಿಟ್ಟು ಒಂದು ಕಲ್ಲಿನ ಮೇಲೆ ಕುಳಿತ. ಅವನು ಸಿಟ್ಟಿಗೇಳುವ ಮನುಷ್ಯನಲ್ಲ. ಎಲೆ ತೆಗೆದು ಸೊಂಟಕ್ಕೆ ಒರೆಸಿಕೊಂಡು ಸುಣ್ಣ ಹಚ್ಚಿದ. "ಬಣ್ಣ ಬಳುದ್ರೆ ಕಲ್ಲಿನ ಮೊಕ ಕೆಡ್ತದೆ. ಕೆಮ್ಮಣ್ಣಾದ್ರೆ ಕಟ್ಟಾದ್ಮೇಲೆ ಮೊದಲ್ನೆ ಮಳೇಗೆ ಹೊಂಟೋಯ್ತದೆ. ನಮ್ಮಪ್ಪನೂ ಅಂಗೇ ಮಾಡ್ತಿದ್ದ. ಕಟ್ಟೋಕ್ಮುಂಚೆ ಕಲ್ಲ ತೊಳಿಯೋ ಊರೂ ಇರ್ತದೆ ಅಂತ ನಾನೇನು ಕನಸು ಕಂಡಿದ್ನಾ?"

ಯಾರೂ ನಗಲಿಲ್ಲ. ಏನಾಗಿಹೋಗಿದೆ ಎಂಬುದು ವಾಣಿಶ್ರೀಗೆ ಆಗ ಅರ್ಥವಾಗತೊಡಗಿತ್ತು.

ಸಾಲುಹುಣಸೆ ದೊಡ್ಡ ಸ್ಟೇಷನ್ನೇನಲ್ಲ. ಮೈಸೂರಿನಿಂದ ಕೆ.ಆರ್. ನಗರ ದಾಟಿ ಹಾಸನದ ಕಡೆ ಹೋಗುವ ಪ್ಯಾಸೆಂಜರುಗಳು ಮಾತ್ರ ನಿಲ್ಲುತ್ತವೆ. ಮೀಟರ್‌ಗೇಜಿನ ಕಾಲದಲ್ಲಿ ಮಾತ್ರ ಹಾಗಿರಲಿಲ್ಲ. ಹೊಗೆ ಉಗುಳುವ ಇಂಜಿನ್ನುಗಳೆಲ್ಲ ನೀರು ಕುಡಿಯಲು ಇಲ್ಲಿ ನಿಲ್ಲಲೇಬೇಕಿತ್ತು. ಹಳಿಯ ಪಕ್ಕದಲ್ಲೊಂದು ದೊಡ್ಡ ಬಾವಿ, ಬಾವಿಯ ದಡದಲ್ಲಿ ಪಂಪೌಸು, ಅದರೊಳಗೆ ಒಂದು ಬಾಯ್ಲರು. ಬಾಯ್ಲರಿನ ಬಲದಿಂದ ನೀರು ಮೇಲೇರಿ ಕಬ್ಬಿಣದ ತೊಟ್ಟಿ ತುಂಬುತ್ತಿತ್ತು. ಡೀಸೆಲ್ ಇಂಜಿನ್ನು ಬಂದ ಮೇಲೆ ತೊಟ್ಟಿ ಗುಜರಿಗೆ ಹೋಯಿತು, ಬಾವಿಗೆ ಬಲೆ ಬಿತ್ತು, ಪಂಪೌಸಿನ ಹೆಂಚು ಒಂದೊಂದಾಗಿ ಯಾರ್ಯಾರದೋ ಕೊಟ್ಟಿಗೆ ಸೇರಿತು. ಗೋಡೆ ಮಾತ್ರ ಕೂದಲೆಳೆಯಷ್ಟೂ ಬಿರುಕು ಬಿಡದೆ ನಿಂತಿತ್ತು. ಈಗ ಪ್ಲಾಟ್‌ಫಾರಂ ಉದ್ದ ಮಾಡುವ ಕೆಲಸ ಬಂದು, ಅದನ್ನು ಕೆಡವುವುದು ಎಂದಾಯಿತು.

ಆಗ ವಾಣಿಶ್ರೀ ಸಂಘದ ಇಬ್ಬರು ಹೆಂಗಸರನ್ನು ಕರೆದುಕೊಂಡು ಮೈಸೂರಿನ ರೈಲ್ವೆ ಕಚೇರಿಗೆ ಹೋಗಿದ್ದಳು. ಅಲ್ಲಿನ ಎಂಜಿನಿಯರು ಅವಳ ಮಾತನ್ನು ಪೂರ್ತಿ ಕೇಳಿದ್ದರು. "ಕಲ್ಲು ಹಂಚಿಕೊಳ್ಳೋದಕ್ಕಾದರೆ ಕೊಡಲ್ಲಮ್ಮ. ಇದೇ ಕಟ್ಟಡ ನಿಮ್ಮೂರಲ್ಲಿ ನಿಲ್ಲುತ್ತೆ ಅನ್ನೋದಾದರೆ ತಗೊಂಡು ಹೋಗಿ" ಎಂದಿದ್ದರು. "ನಿಲ್ಲುತ್ತೆ ಸಾರ್" ಎಂದು ಬಂದಿದ್ದಳು. ಪಂಚಾಯಿತಿಯವರು ಸೈಟು ಕೊಟ್ಟರು. ಆದರೆ ಮುಂಗಾರು ಹಿಡಿಯುವುದರೊಳಗೆ ಗೋಡೆ ಏಳದಿದ್ದರೆ ಅಲ್ಲಿ ನೀರಿನ ಟ್ಯಾಂಕು ಬರುತ್ತದೆ ಎಂದೂ ಹೇಳಿದರು. ಇಷ್ಟು ವರ್ಷ ಡೇರಿ ನಡೆದದ್ದು ಸ್ವಾಮಿಯ ಮನೆಯ ಜಗುಲಿಯಲ್ಲಿ. ಆ ಜಗುಲಿ ತನಗೆ ಬೇಕು ಎಂದು ಸ್ವಾಮಿ ಕಳೆದ ದೀಪಾವಳಿಯಿಂದ ಹೇಳುತ್ತಲೇ ಇದ್ದ. ಜಗುಲಿಯೂ ಹೋಗಿ ಸೈಟೂ ಹೋದರೆ, ಬೆಳಿಗ್ಗೆ ಸಂಜೆ ಕ್ಯಾನು ಹೊತ್ತು ಬರುವ ಹೆಂಗಸರಿಗೆ ನಿಲ್ಲಲು ನೆಲವಿರಲಿಲ್ಲ.

"ಗುರುತಿಲ್ದೆ ಕಟ್ಟಕಾಗಲ್ವಾ ಮಾದಣ್ಣ?" ವಾಣಿಶ್ರೀ ಕೇಳಿದಳು. "ಕಲ್ಲಂತೂ ಅವೇ ಅವಲ್ಲ."

ಚಿಕ್ಕಮಾದಯ್ಯ ಎರಡು ಕಲ್ಲು ಎತ್ತಿ ಅಕ್ಕಪಕ್ಕ ಇಟ್ಟ. ನಡುವೆ ಹೆಬ್ಬೆರಳು ತೂರುವಷ್ಟು ಸಂದು. "ನೋಡ್ರವ್ವ. ಇವು ಇಟ್ಟಿಗೆ ಅಲ್ಲ, ಎಲ್ಲಾ ಒಂದೇ ಅಚ್ಚಲ್ಲಿ ಬರೋಕೆ. ಪಕ್ಕದ ಕಲ್ಲು ಎಂಗದೆಯೋ ಅಂಗೆ ಇದುನ್ನ ಕೆತ್ತವ್ರೆ. ಬಿಚ್ಚುವಾಗ ಸಂದೀಲಿ ನನ್ನ ಕರಣೆ ಮೊನೆ ಹೋಗ್ನಿಲ್ಲ. ಇದುನ್ನ ಕಟ್ದೋರು ಅರ್ಜೆಂಟಲ್ಲಿರ್ನಿಲ್ಲ ಕಣವ್ವ. ಸಿಕ್ಕಂಗೆ ಜೋಡ್ಸಿ ಸಿಮೆಂಟು ತುರುಕಿದ್ರೆ ಗೋಡೆ ಆಯ್ತದೆ. ಈ ಗೋಡೆ ಆಗಲ್ಲ."

ಜಗುಲಿಯಿಂದ ಎದ್ದು ಬಂದಿದ್ದ ಸ್ವಾಮಿ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ದಪ್ಪ ಮೀಸೆಯ, ಐವತ್ತೈದರ ಆಸಾಮಿ. "ನೋಡು ವಾಣಿ, ಸುಮ್ನೆ ತಲೆ ಕೆಡಿಸ್ಕಬ್ಯಾಡ. ಕಲ್ಲ ನನ್ನ ಕೊಟ್ಟಿಗೇಗೆ ಬುಡು. ನಾನೇ ನಿಂತು ಸಿಮೆಂಟ್ ಇಟ್ಟಿಗೇಲಿ ನಿಮ್ಗೊಂದು ರೂಮು ಎಬ್ಬಿಸಿಕೊಡ್ತೀನಿ. ಎಂಟು ದಿನದ ಕೆಲ್ಸ."

"ಸಾಹೇಬ್ರಿಗೆ ಮಾತು ಕೊಟ್ಟಿವ್ನಿ ಸ್ವಾಮಣ್ಣ."

"ಸಾಹೇಬ್ರು ಬಂದು ನಂಬರ್ ಕೇಳ್ತಾರಾ? ನಂಬರ್ನೇ ನೀವು ಸೀಗೆಪುಡಿ ಹಾಕಿ ಸ್ನಾನ ಮಾಡಿಸಿದಿರಲ್ಲ."

ಈ ಮಾತಿಗೆ ಕೆಲವರು ನಕ್ಕರು. ಸ್ವಾಮಿಯ ಮಾತಿನಲ್ಲಿ ಕೊಂಕಿದ್ದರೂ ದಾರಿಯೂ ಇತ್ತು. ಎಂಟು ದಿನದಲ್ಲಿ ಮೇಲೆ ಒಂದು ಸೂರು. ವಾಣಿಶ್ರೀ ಸಂಜೆಯವರೆಗೆ ಯೋಚನೆ ಮಾಡಿ ಹೇಳುತ್ತೇನೆ ಎಂದಳು.

ಆ ಸಂಜೆ ಹಾಲು ಹಾಕಿದ ಹೆಂಗಸರು ಮನೆಗೆ ಹೋಗದೆ ಕಲ್ಲಿನ ಹತ್ತಿರ ಬಂದರು. ತಪ್ಪು ಮಾಡಿದವರು ತಪ್ಪಿನ ಜಾಗಕ್ಕೇ ಬರುವ ಹಾಗೆ, ಯಾರೂ ಕರೆಯದಿದ್ದರೂ ಬಂದರು. ಮಾಯಮ್ಮ ಕುಳಿತುಕೊಳ್ಳಲು ಒಂದು ಕಲ್ಲು ನೋಡಿಕೊಂಡು ಬಗ್ಗಿದವಳು ಕುಳಿತುಕೊಳ್ಳಲಿಲ್ಲ. ಕಲ್ಲಿನ ಮೇಲೆ ಕೈಯಾಡಿಸಿದಳು. ಅದರ ಮೇಲಂಚಿನಲ್ಲಿ ನಯವಾದ ಮೂರು ತಗ್ಗುಗಳಿದ್ದವು.

"ವಾಣಿ, ಇದು ಕುಡ್ಲು ಮಸೀತಿದ್ದ ಕಲ್ಲು ಕಣೆ. ನಮ್ಮತ್ತೆ, ನಾನು, ಆ ಕೊನೆಮನೆ ಪುಟ್ಟಮ್ಮ, ಎಲ್ರೂ ಹುಲ್ಲು ಕುಯ್ಯೋಕೆ ಹೋದಾಗ ಇಲ್ಲೇ ಮಸೀತಿದ್ದೊ."

ಚಿಕ್ಕಮಾದಯ್ಯ ಎದ್ದು ಬಂದ. "ಯಾವ ಗೋಡೇಲಿತ್ತು?"

"ಅದೆಂಗೆ ಹೇಳ್ಳಿ? ಪಂಪೌಸಿನ ಗೋಡೇಲಿತ್ತು."

"ಬಿಸಿಲು ಬೀಳ್ತಿತ್ತಾ ಮಸೆಯುವಾಗ?"

ಮಾಯಮ್ಮ ಕಣ್ಣು ಚಿಕ್ಕದು ಮಾಡಿದಳು. "ಇಲ್ಲ. ನೆಳ್ಳಲ್ಲಿ ಕುಂತ್ಕತ್ತಿದ್ದೊ. ಉಂಡ್ಬುಟ್ಟು ಹೋಗಿರ್ತಿದ್ದೊ."

"ಮಧ್ಯಾಹ್ನದ ಮ್ಯಾಲೆ ನೆಳ್ಳು ಬೀಳೋದು ಮೂಡ್ಲ ಗೋಡೆಗೆ. ಕುಂತ್ಕಂಡು ಮಸೆಯೋರ ಕೈಗೆ ಸಿಗೋದು ಎರಡ್ನೇ ವರ್ಸೆ." ಅವನು ಅಳತೆಕೋಲು ಹಿಡಿದು ಕಲ್ಲಿನ ಎತ್ತರ ನೋಡಿದ. ಎರಡನೆಯ ವರಸೆಯ ಎತ್ತರವೇ. ಕಲ್ಲನ್ನು ಎತ್ತಿಕೊಂಡು ಹೋಗಿ ಸೈಟಿನ ಮೂಡಣ ಬದಿಗೆ ಇಟ್ಟ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತ. "ಇನ್ಯಾವ್ದಾರ ಗುರ್ತು ಸಿಗ್ತದಾ ನೋಡ್ರವ್ವ" ಎಂದ.

ವಾಣಿಶ್ರೀ ಆ ಸಂಜೆಯೇ ಸ್ವಾಮಿಗೆ ಬೇಡವೆಂದು ಹೇಳಿ ಕಳಿಸಿದಳು.

ಮಾರನೆಯ ದಿನದಿಂದ ಚಿಕ್ಕಮಾದಯ್ಯ ಗೋಡೆಗಳನ್ನು ನೆಲದ ಮೇಲೆ ಮಲಗಿಸತೊಡಗಿದ. ಎತ್ತರ ಅಳೆದು ವರಸೆ ವರಸೆಯಾಗಿ ಕಲ್ಲು ಬೇರೆ ಮಾಡಿದ. ಬಾಗಿಲ ಕಮಾನಿನ ಕಲ್ಲುಗಳು ಓರೆಯಾಗಿ ಕೆತ್ತಿದಂಥವು. ಅವನ್ನು ನೆಲದಲ್ಲಿ ಅರ್ಧಚಂದ್ರ ಜೋಡಿಸಿಯೇ ಸರಿಮಾಡಿಕೊಂಡ. ಉಳಿದವಕ್ಕೆ ಊರು ಬಂತು. ಬೆಳಿಗ್ಗೆ ಹಾಲು ಹಾಕಿದವರು, ಸಂಜೆ ಹಾಲು ಹಾಕಿದವರು, ರೈಲಿಗೆ ಹೋಗುವವರು, ರೈಲಿಳಿದವರು. ಸಂತೆಯಲ್ಲಿ ಕರು ನೋಡುವವರ ಹಾಗೆ ಕಲ್ಲುಗಳ ನಡುವೆ ಓಡಾಡಿದರು.

ಇಷ್ಟು ವರ್ಷ ಪಂಪೌಸನ್ನು ಯಾರೂ ನಿಂತು ನೋಡಿದ್ದಿಲ್ಲ. ಬೆನ್ನು ಕೊಟ್ಟವರು, ಕೈ ಒರೆಸಿದವರು, ಸೈಕಲ್ ಆನಿಸಿದವರು ಮಾತ್ರ ಇದ್ದರು. ಈಗ ಬೆನ್ನಿಗೂ ಕೈಗೂ ನೆನಪಿದ್ದದ್ದು ಒಂದೊಂದಾಗಿ ಹೊರಗೆ ಬಂತು. ಒಂದು ಕಲ್ಲಿನ ತುದಿ ಹಗ್ಗ ಉಜ್ಜಿ ಉಜ್ಜಿ ಸವೆದಿತ್ತು. ಅಲ್ಲಿ ಹೋತ ಕಟ್ಟುತ್ತಿದ್ದರು ಎಂದರೆ ನೆಲದ ವರಸೆ, ಬಾವಿಯ ಕಡೆ. ಒಂದರಲ್ಲಿ ಪೆಡಲು ತಾಗಿದ ಕಚ್ಚು. ಹಾಲಿನ ಸೈಕಲ್ಲುಗಳು ನಿಲ್ಲುತ್ತಿದ್ದದ್ದು ಪ್ಲಾಟ್‌ಫಾರಮ್ಮಿನ ಕಡೆ. ಒಂದು ಮೂಲೆಗಲ್ಲಿನ ಮೇಲೆ ಸುಣ್ಣ ರಾಗಿರೊಟ್ಟಿಯಷ್ಟು ದಪ್ಪಕ್ಕೆ ಹೆಪ್ಪುಗಟ್ಟಿ ಕಲ್ಲೇ ಆಗಿಹೋಗಿತ್ತು. ಎಲೆ ಹಾಕಿಕೊಂಡು ಮೈಸೂರು ಗಾಡಿ ಬಂತಾ ಎಂದು ಬಗ್ಗಿ ನೋಡುವವರು ಬೆರಳಲ್ಲಿ ಉಳಿದ ಸುಣ್ಣವನ್ನು ಅಲ್ಲೇ ಒರೆಸುತ್ತಿದ್ದರು. ಮೂರು ತಲೆಮಾರಿನ ಬೆರಳುಗಳ ಸುಣ್ಣ. ಮಾಯಮ್ಮನ ನಾರಿಗೂ ಅದು ಹೋಗಿರಲಿಲ್ಲ.

"ಅದೊಂದು ನನ್ನ ಸೋಲಿಸಿಬುಡ್ತು" ಎಂದಳು ಮಾಯಮ್ಮ.

"ನಮ್ ಪುಣ್ಯ" ಎಂದ ಚಿಕ್ಕಮಾದಯ್ಯ.

ಗುರುತು ಸಿಕ್ಕ ಕಲ್ಲುಗಳು ಗೂಟಗಳಂತಾದವು. ಎರಡು ಗೂಟಗಳ ನಡುವಿನ ಜಾಗಕ್ಕೆ ಅವನು ಅಂಚಿಗೆ ಅಂಚು ಹಿಡಿದು ನೋಡುತ್ತ, ಒಪ್ಪದ್ದನ್ನು ಪಕ್ಕಕ್ಕಿಡುತ್ತ, ಒಪ್ಪಿದ್ದನ್ನು ಕೂರಿಸುತ್ತ ಹೋದ. ಒಂದು ಕಲ್ಲು ಸರಿಯಾಗಿ ಕೂತಾಗ ಟಕ್ಕೆಂದು ಒಂದು ಸದ್ದು ಬರುತ್ತಿತ್ತು. ಆಗ ಅವನು ತಲೆಯ ಟವಲು ತೆಗೆದು ಮುಖ ಒರೆಸಿಕೊಂಡು, ಕೆತ್ತಿದವನು ಎದುರಿಗೇ ಕೂತಿದ್ದಾನೆನ್ನುವಂತೆ "ಎಂಥಾ ಕೈ ಅಪ್ಪಾ ನಿಂದು" ಎನ್ನುತ್ತಿದ್ದ.

ಹಿಂದುಗಡೆ ಗೋಡೆಗೆ ಮಾತ್ರ ಗೂಟ ಸಿಗಲಿಲ್ಲ. ಅಲ್ಲಿ ಗಂಡಸರು ನಿಂತದ್ದುಂಟು, ಗೋಡೆ ನೋಡಿದ್ದಿಲ್ಲ.

ಒಂದು ಬೆಳಿಗ್ಗೆ ಸ್ವಾಮಿ ಕಲ್ಲುಗಳ ನಡುವೆ ತಿರುಗುತ್ತಿದ್ದವನು ಒಂದನ್ನು ಕಾಲಲ್ಲಿ ಒತ್ತಿ ಬೋರಲು ಮಾಡಿದ್ದನ್ನು ಮಾಯಮ್ಮ ದೂರದಿಂದ ಕಂಡಳು. ಹತ್ತಿರ ಹೋಗಿ ಕಲ್ಲನ್ನು ತಿರುಗಿಸಿದಳು. ಮೊಳೆಯಲ್ಲಿ ಆಳವಾಗಿ ಕೊರೆದ ಅಕ್ಷರಗಳಿದ್ದವು. ಓದು ಬಾರದ ಮಾಯಮ್ಮ ವಾಣಿಶ್ರೀಯನ್ನು ಕರೆದಳು. ವಾಣಿಶ್ರೀ ಗಟ್ಟಿಯಾಗಿ ಓದಿದಳು. "ಸ್ವಾಮಿ, ಎಸೆಸೆಲ್ಸಿ ಪಾಸು."

ಮಾಯಮ್ಮ ಶುರುಮಾಡಿದಳು. "ಏನ್ಲಾ ಸ್ವಾಮಿ, ನೀನು ಎರಡು ಸಲ ಕಟ್ಟಿ ಎರಡು ಸಲನೂ ಡುಮ್ಕಿ ಹೊಡ್ದೋನಲ್ವಾ?"

"ರಿಸಲ್ಟ್ ಬರೋಕ್ಮುಂಚೆ ಕೆತ್ತಿದ್ದು ಬುಡಕ್ಕ" ಎಂದ ಸ್ವಾಮಿ. ಮೀಸೆಯ ಕೆಳಗೆ ಅವನಿಗೂ ನಗು ಬಂದಿತ್ತು. "ಪರೀಕ್ಸೆ ಬರ್ದು ರೈಲಿಳ್ದು ಬಂದೆ. ಚೆನ್ನಾಗಿ ಬರ್ದಿವ್ನಿ ಅನ್ನಿಸ್ತು. ಯಾರೂ ನೋಡದೆ ಇರ್ಲಿ ಅಂತ ಹಿಂದ್ಗಡೆ ಹೋಗಿ ಕೆತ್ದೆ."

"ಕಲ್ಲು ನಂಬ್ತು, ಮೇಷ್ಟ್ರು ನಂಬ್ನಿಲ್ಲ" ಎಂದಳು ಮಾಯಮ್ಮ. ಈ ಸಲ ಎಲ್ಲರೂ ನಕ್ಕರು.

ಚಿಕ್ಕಮಾದಯ್ಯನಿಗೆ ಪಾಸು ಫೇಲು ಬೇಕಿರಲಿಲ್ಲ. "ಎಲ್ಲಿ ನಿಂತು ಕೆತ್ದೆ, ತೋರ್ಸು" ಎಂದ. ಸ್ವಾಮಿ ಪಂಚೆ ಎತ್ತಿ ಕಟ್ಟಿ, ಖಾಲಿ ನೆಲದ ಮೇಲೆ ಇಲ್ಲದ ಗೋಡೆಯ ಮುಂದೆ ನಿಂತ. ಸ್ಟೇಷನ್ನಿನಲ್ಲಿದ್ದ ಹಾಗೆ ಎಡಕ್ಕೆ ಹುಣಸೆಮರ, ಬಲಕ್ಕೆ ಹಂದಿಕಂಟಿಯ ಪೊದೆ ಎಂದು ಲೆಕ್ಕ ಹಾಕಿದ. ಕೊನೆಗೆ ಎದೆಯ ಮಟ್ಟಕ್ಕೆ ಕೈ ಇಟ್ಟು "ಇಲ್ಲಿ" ಎಂದ. ಹಿಂದುಗಡೆ ಗೋಡೆಗೆ ಮೊದಲ ಗೂಟ ಸಿಕ್ಕಿತು. ಅವತ್ತಿನಿಂದ ಅವನು ಕೊಟ್ಟಿಗೆಯ ಮಾತು ಎತ್ತಲಿಲ್ಲ. ಜಗುಲಿಯ ಮಾತನ್ನೂ ಮಳೆಗಾಲದವರೆಗೆ ಮುಂದೂಡಿದ.

ಹೊರಗಿನ ಮೈ ಹೀಗೆ ಕೂಡಿಕೊಂಡಿತು. ಆದರೆ ಪಂಪೌಸಿನ ಗೋಡೆಗೆ ಎರಡು ಮೈ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಜಲ್ಲಿ ಸುಣ್ಣ. ಒಳಗಡೆ ಊರಿನವರು ಯಾರೂ ಕಾಲಿಟ್ಟವರಲ್ಲ. ಕಂಪೆನಿ ಜಾಗ, ಬಾಯ್ಲರು ಸಿಡಿಯುತ್ತದೆ ಎಂದು ಹೆದರಿಸಿದ್ದರು. ಆಮೇಲೆ ಬಾಗಿಲಿಗೆ ಬೀಗ ಬಿತ್ತು, ಹೆಂಚು ಒಯ್ದವರೂ ಮೇಲಿನಿಂದಲೇ ಒಯ್ದರು. ಒಳಮೈಯ ಕಲ್ಲುಗಳು ಒಂದು ಬದಿಗೆ ರಾಶಿಯಾಗಿ ಉಳಿದವು. ಮೋಡ ಒಂದೊಂದೇ ಕಟ್ಟತೊಡಗಿತ್ತು. ಚಿಕ್ಕಮಾದಯ್ಯನಿಗೆ ಹುಣಸೂರಿನಲ್ಲಿ ಇನ್ನೊಂದು ಕೆಲಸ ಕಾದಿತ್ತು. "ಒಳಗ್ಡೆ ಸಿಮೆಂಟಲ್ಲಿ ಮಾಡ್ಬುಡಾಣ್ವಾ?" ಎಂದು ವಾಣಿಶ್ರೀಯೇ ಕೇಳಿದಳು. ಅವನು ಆ ರಾಶಿಯಿಂದ ಒಂದು ಕಲ್ಲೆತ್ತಿ, ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟ.

ಬಾಗಿಲು ಕಿಟಕಿಗೆ ಅಳತೆ ತೆಗೆದುಕೊಳ್ಳಲು ಕೆ.ಆರ್. ನಗರದಿಂದ ನಸೀರ್ ಬಂದದ್ದು ಆ ದಿನವೇ. ಅವನದು ಬಸ್‌ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ. ಕಮಾನಿನ ಅಗಲ ಅಳೆಯುತ್ತ ಕಲ್ಲಿನ ಕಥೆಯನ್ನೆಲ್ಲ ಕೇಳಿದ. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, "ಅಕ್ಕ, ನಮ್ಮಮ್ಮ ಬೆಳೆದಿದ್ದೇ ಇದರೊಳಗೆ ಕಣಕ್ಕ" ಎಂದ. "ನಮ್ಮ ತಾತ ಇಲ್ಲಿ ಬಾಯ್ಲರಿಗೆ ಬೆಂಕಿ ಹಾಕ್ತಿದ್ರು. ಅಮ್ಮಂಗೆ ಕಣ್ಣು ಮಂಜು, ನೆನಪು ಮಾತ್ರ ಚೆನ್ನಾಗಿ ಅದೆ. ಕರ್ಕಂಡು ಬರ್ಲಾ?"

ನಸೀರನ ತಾಯಿ ಆಮಿನಾಬಿ ಆಟೋದಲ್ಲಿ ಬಂದಳು. ತೆಳ್ಳಗಿನ, ಬೆನ್ನು ಬಾಗದ ಮುದುಕಿ. ಕುರ್ಚಿ ಹಾಕಿದರೆ ಕೂರಲಿಲ್ಲ. "ಮೂಡ್ಲು ಯಾವ ಕಡೆ ಮಾಡೀರಿ?" ಎಂದು ಕೇಳಿ ಅತ್ತ ಮುಖ ಮಾಡಿ ನಿಂತಳು. "ಬಾಗಿಲು ನನ್ನ ಎಡಗೈಗೆ. ಬಾಯ್ಲರು ಬೆನ್ನಿಗೆ. ಆಯ್ತು. ಈಗ ಕಲ್ಲು ಕೊಡಿ."

ಮೊದಲು ಅವಳ ಕೈಗೆ ಸಿಕ್ಕಿದ್ದು ಕೆಂಪಡರಿ ಮೈ ಸಿಪ್ಪೆ ಎದ್ದ ಕಲ್ಲುಗಳು. "ಇವು ಬೆಂಕಿ ಬಾಯಿ ಎದುರಿನವು. ನಮ್ಮ ಅಬ್ಬಾ ಸೌದೆ ತಳ್ಳುವಾಗ ಕಾವು ಇದಕ್ಕೆ ಹೊಡೀತಿತ್ತು. ಚಳಿಗಾಲ್ದಲ್ಲಿ ನಾನು ಇದಕ್ಕೆ ಬೆನ್ನಿಟ್ಟು ಮಲಗ್ತಿದ್ದೆ. ಕೆಳಗಿನದು ಜಾಸ್ತಿ ಕೆಂಪು, ಮೇಲಿಂದು ಕಮ್ಮಿ. ಹಂಗೇ ಇಡಿ." ಒಂದು ಕಲ್ಲಿನಲ್ಲಿ ಬೆರಳು ಹೋಗುವಷ್ಟು ಗುಳಿ. "ಇಲ್ಲಿ ಪೈಪಿನ ಜಾಯಿಂಟು. ಹನಿ ಬೀಳ್ತಾನೇ ಇರ್ತಿತ್ತು. ಅಬ್ಬಾ ಎಷ್ಟು ಸಲ ಹಗ್ಗ ಸುತ್ತಿದ್ರೂ ನಿಲ್ತಿರ್ಲಿಲ್ಲ." ಇನ್ನೊಂದರಲ್ಲಿ ಎಣ್ಣೆಯ ಕಪ್ಪು. "ದೀಪದ ಗೂಡು. ನನ್ನ ಕೈಗೆ ಎಟುಕ್ತಿರ್ಲಿಲ್ಲ. ಎತ್ಕೊಂಡ್ರೆ ಎಟುಕ್ತಿತ್ತು."

ಚಿಕ್ಕಮಾದಯ್ಯ ಒಂದೊಂದನ್ನೂ ಎತ್ತಿ ಒಯ್ದು ಇಟ್ಟ. ಅವಳು ಹೇಳಿದ್ದು ಎತ್ತರದ ಅಳತೆಗೆ ಎಲ್ಲೂ ತಪ್ಪಲಿಲ್ಲ. ಕೊನೆಗೆ ಅವನು ತೂತಿರುವ ಕಲ್ಲೊಂದನ್ನು ಅವಳ ಕಾಲ ಬಳಿ ತಂದಿಟ್ಟ. ಗೋಡೆಯ ದಪ್ಪಕ್ಕೂ ಹಾಯುವ ಉದ್ದದ ಕಲ್ಲು. ಒಂದು ತುದಿಯಲ್ಲಿ ದೋಣಿಯ ಹಾಗೆ ಕೆತ್ತನೆ. "ಇದೊಂದು ಗೊತ್ತಾಯ್ತಿಲ್ಲ ಬೀಬಮ್ಮ. ಪೈಪ್ ಹೋಗೋಕಾದ್ರೆ ಇಷ್ಟು ಚೆಂದ ಯಾಕೆ ಕೆತ್ತವ್ರೆ?"

ಆಮಿನಾಬಿ ತಡವಿ ನೋಡಿ ನಕ್ಕಳು. "ಇದು ಬಾಣಂತಿ ಬಾಯಿ."

ಯಾರಿಗೂ ಅರ್ಥವಾಗಲಿಲ್ಲ.

"ಬಾಯ್ಲರ್ ಆರಿಸಿದ್ಮೇಲೆ ಬಿಸಿನೀರು ಇದರಲ್ಲಿ ಹೊರಗೆ ಹೋಗ್ಬೇಕು. ಸುಮ್ನೆ ಹೋಗೋ ನೀರು. ಹೆರಿಗೆ ಆದೋರ ಮನೆಯಿಂದ ಹೆಂಗಸ್ರು ಕೊಡ ತಂದು ಬಾವಿ ಕಡೆ ನಿಂತಿರೋರು. ಸೌದೆ ಇಲ್ದೆ ಹಂಡೆಗಟ್ಲೆ ನೀರು. ಅಬ್ಬಾ ಒಳಗಿಂದ ಕೇಳೋರು, ಯಾರ ಮನೇದವ್ವಾ, ಗಂಡೋ ಹೆಣ್ಣೋ ಅಂತ. ಹೆಣ್ಣು ಅಂದ್ರೆ ಒಂದು ಕೊಡ ಜಾಸ್ತಿ. ನಂಗೆ ತಂಗಿ ಇರ್ಲಿಲ್ಲ, ಅದಕ್ಕೆ."

ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದ ಮಾಯಮ್ಮ ಮುಂದೆ ಬಂದು ಆ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. "ನಮ್ಮವ್ವ ಹೇಳೋಳು, ನಿನಗೆ ರೈಲು ನೀರು ಹುಯ್ದಿವ್ನಿ ಅಂತ. ಸುಮ್ನೆ ಅಂತಾಳೆ ಅನ್ಕಂಡಿದ್ದೆ." ಅವಳು ತೂತಿಗೆ ಕೈ ಹಾಕಿ ಒಳಗಿನ ನಯ ನೋಡಿದಳು. ತೊಳೆಯುವಾಗ ಆ ತೂತಿಗೂ ಕಡ್ಡಿಗೆ ಬಟ್ಟೆ ಸುತ್ತಿ ತಿಕ್ಕಿದ್ದು ಅವಳೇ.

"ಯಾವ ಎತ್ರ ಬೀಬಮ್ಮ?" ಚಿಕ್ಕಮಾದಯ್ಯ ಕೇಳಿದ.

"ಕೆಳಗೆ ಕೊಡ ಇಟ್ರೆ ಬಾಯಿಗೆ ಸರಿಯಾಗಿ."

ಮಾಯಮ್ಮ ಮನೆಗೆ ಹೋಗಿ ಹಳೆಯ ತಾಮ್ರದ ಕೊಡ ತಂದು ಬಾವಿಯ ಕಡೆಯ ಗೋಡೆಯ ಪಾಯದ ಮೇಲೆ ಇಟ್ಟಳು. ಆ ಎತ್ತರಕ್ಕೆ ಗೆರೆ ಎಳೆದರು. ಮೂರನೆಯ ವರಸೆ.

ಗೋಡೆ ಏಳುವಾಗ ಊರು ಕೆಲಸ ಬಿಟ್ಟು ಬಂದು ನೋಡಿತು. ಕಮಾನಿನ ಕೊನೆಯ ಕಲ್ಲು ಕೂತ ಮಧ್ಯಾಹ್ನ, ಪಂಚಾಯಿತಿಯವರು ಬಂದು ಬಾಗಿಲಲ್ಲಿ ಒಳಗೆ ಹೋಗಿ ಹೊರಗೆ ಬಂದರು. ಟ್ಯಾಂಕನ್ನು ಶಾಲೆಯ ಹಿಂದೆ ಕಟ್ಟಿಸೋಣ ಎಂದು ಅವರವರೇ ಮಾತಾಡಿಕೊಂಡು ಹೋದರು. ವಾಣಿಶ್ರೀ ಮೈಸೂರಿಗೆ ಫೋಟೋ ಕಳಿಸಿದಳು. ಎಂಜಿನಿಯರು ಫೋನ್ ಮಾಡಿ, ಇದು ಸ್ಟೇಷನ್ನಿನಲ್ಲಿದ್ದಾಗ ತೆಗೆದದ್ದಾ, ಊರೊಳಗೆ ಹೋದ ಮೇಲೆ ತೆಗೆದದ್ದಾ ಎಂದು ಕೇಳಿದರಂತೆ. ಅವಳು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಮಳೆ ಬಂದದ್ದು ಶೀಟು ಹೊದಿಸಿದ ಮೇಲೆ.

ಮೊದಲ ಹಾಲು ಅಳೆಯುವ ಹಿಂದಿನ ದಿನ ಹೆಂಗಸರು ಮತ್ತೆ ಬಕೆಟ್ಟು, ನಾರು, ಸೀಗೆಪುಡಿ ಹಿಡಿದು ಬಂದರು. ಹುಣಸೂರಿಗೆ ಹೊರಟಿದ್ದ ಚಿಕ್ಕಮಾದಯ್ಯ ಕೈಚೀಲ ಪಕ್ಕದಲ್ಲಿಟ್ಟುಕೊಂಡು ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ.

"ತೊಳೀಬೋದಾ ಮಾದಣ್ಣ?" ವಾಣಿಶ್ರೀ ಕೇಳಿದಳು.

"ಈಗ ಎಷ್ಟು ಬೇಕಾರ ತೊಳ್ಕಳ್ರವ್ವ."

ಅವರು ತೊಳೆದರು. ಮೂರನೆಯ ವರಸೆಯ ಮಟ್ಟಕ್ಕೆ ಎತ್ತರಿಸಿದ್ದ ಒಳನೆಲದ ಮೇಲೆ ಸುರಿದ ನೀರೆಲ್ಲ ಇಳಿಜಾರಿಗೆ ಹರಿದು, ಬಾಣಂತಿ ಬಾಯಿಯಿಂದ ಒಂದೇ ಧಾರೆಯಾಗಿ ಹೊರಗೆ ಬಿತ್ತು. ಇನ್ನು ಮುಂದೆ ಕ್ಯಾನು ತೊಳೆದ ನೀರಿಗೂ ಅದೇ ದಾರಿ. ಚಿಕ್ಕಮಾದಯ್ಯ ಅದನ್ನು ನೋಡುತ್ತ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಬಸ್ಸಿಗೆ ಹೊತ್ತಾಗಿತ್ತು. ಎದ್ದು, ಸುಣ್ಣ ಹೆಪ್ಪುಗಟ್ಟಿದ್ದ ಕಲ್ಲಿನ ಮೂಲೆಯ ಹತ್ತಿರ ಬಂದ. ಬಸ್ಸು ಬರುತ್ತಿದೆಯೇ ಎಂದು ಬಗ್ಗಿ ನೋಡಿದ. ತೋರುಬೆರಳ ತುದಿಯಲ್ಲಿ ಸುಣ್ಣ ಉಳಿದಿತ್ತು. ತೊಳೆದು ನೀರಿಳಿಯುತ್ತಿದ್ದ ಗೋಡೆಯನ್ನೊಮ್ಮೆ, ನಾರು ಹಿಡಿದಿದ್ದ ಮಾಯಮ್ಮನನ್ನೊಮ್ಮೆ ನೋಡಿ, ಬೆರಳನ್ನು ಟವಲಿಗೆ ಒಯ್ದ.

"ಅಲ್ಲೇ ಒರುಸಪ್ಪ" ಎಂದಳು ಮಾಯಮ್ಮ. "ಆ ಕಲ್ಲಿರೋದೇ ಅದುಕ್ಕೆ."